ಟಿವಿ ಬದಲಿಸುವ ಮುನ್ನ ಪಕ್ಕಕ್ಕೊಂದು ‘ಪೈ’ ಇಟ್ಟು ನೋಡಿ

ಸ್ಮಾರ್ಟ್ ಟಿವಿಯೊಂದು ಮನೆಗೆ ಬಂದು ಐದಾರು ವರ್ಷವಾಗುವ ಹೊತ್ತಿಗೆ ಅದಕ್ಕೆ ವಯಸ್ಸಾಯಿತೆಂಬ ಮಾತು ಶುರುವಾಗುತ್ತದೆ. ಆ್ಯಪ್ ತೆರೆದುಕೊಳ್ಳಲು ತಡ, ಕೆಲವು ಫೈಲ್‌ಗಳಲ್ಲಿ ಚಿತ್ರ ಬಂದರೂ ಧ್ವನಿ ಇಲ್ಲ, ಇನ್ನು ಕೆಲವನ್ನು ಟಿವಿ ಗುರುತಿಸುವುದೇ ಇಲ್ಲ. ಪರದೆಯನ್ನು ನೋಡಿದರೆ ಬೆಳಕು ಕುಂದಿರುವುದಿಲ್ಲ, ಬಣ್ಣ ಮಾಸಿರುವುದಿಲ್ಲ. ವಯಸ್ಸಾಗಿರುವುದು ಒಳಗಿನ ತಂತ್ರಾಂಶಕ್ಕೆ. ಇದು ಒಂದೆರಡು ಕಂಪನಿಗಳ ಕಥೆಯೂ ಅಲ್ಲ. 2012 ಮತ್ತು ಅದಕ್ಕೂ ಹಿಂದಿನ ಅನೇಕ ಟಿವಿ, ಬ್ಲೂ-ರೇ ಪ್ಲೇಯರ್‌ಗಳಲ್ಲಿ ಯೂಟ್ಯೂಬ್ ಆ್ಯಪ್ 2015ರಲ್ಲಿ ನಿಂತುಹೋಯಿತು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್, 2010–11ರ ಕಾಲದ ಕೆಲವು ಸ್ಯಾಮ್‌ಸಂಗ್ ಟಿವಿಗಳಿಗೆ ವಿದಾಯ ಹೇಳಿತು. ಪರದೆಯ ಆಯಸ್ಸು ಒಂದು, ತಂತ್ರಾಂಶದ ಆಯಸ್ಸು ಇನ್ನೊಂದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದಾಗ ಬೇಗ ಮುಗಿಯುವ ಆಯಸ್ಸೇ ಇಡೀ ಪೆಟ್ಟಿಗೆಯ ಆಯಸ್ಸಾಗುತ್ತದೆ. ಹಾಗಾಗಿ ಈ ಎರಡನ್ನು ಬೇರ್ಪಡಿಸುವುದೇ ಒಳ್ಳೆಯ ದಾರಿ. ಟಿವಿ ಬರೀ ಪರದೆಯಾಗಿರಲಿ. ಫೈಲ್ ಓದಿ ಚಿತ್ರ ತೋರಿಸುವ ಕೆಲಸವನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನಾಲ್ಕೈದು ವಾಟ್ ಕರೆಂಟಿನಲ್ಲಿ ಓಡುವ, ಆ ಒಂದು ಕೆಲಸವನ್ನು ಮಾತ್ರ ಮಾಡುವ ಲಿನಕ್ಸ್ ಕಂಪ್ಯೂಟರಿಗೆ ವಹಿಸೋಣ.

ಇದಕ್ಕೆ ಬೇಕಾದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ ರೂಪುಗೊಂಡು, 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ಬೋರ್ಡ್ ಇದು. ವಿಡಿಯೊ ಬಿಡಿಸುವುದಕ್ಕೆಂದೇ ಪ್ರತ್ಯೇಕ ವಿಭಾಗವುಳ್ಳ ಚಿಪ್ ಅದರಲ್ಲಿದ್ದುದರಿಂದ ಮೀಡಿಯಾ ಪ್ಲೇಯರ್ ಕಟ್ಟುವವರು ಅದನ್ನು ಮೊದಲ ವರ್ಷದಲ್ಲೇ ಎತ್ತಿಕೊಂಡರು. ಅದರ ಮೇಲೆ ಓಡಿಸಬೇಕಾದ ತಂತ್ರಾಂಶ ಕೋಡಿ. ಅದು ಹುಟ್ಟಿದ್ದು 2002ರಲ್ಲಿ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ. ‘ಕೋಡಿ’ ಎಂಬ ಹೆಸರು ಬಂದದ್ದು 2014ರಲ್ಲಿ. ಆ ಎಕ್ಸ್‌ಬಾಕ್ಸ್‌ನಲ್ಲಿದ್ದ ಮೆಮೊರಿ ಕೇವಲ 64 ಎಂಬಿ. ಅಷ್ಟು ಇಕ್ಕಟ್ಟಿನಲ್ಲಿ ಬೆಳೆದದ್ದರಿಂದಲೇ ಸಣ್ಣ ಯಂತ್ರದಲ್ಲಿ ಹಗುರವಾಗಿ ಓಡುವ ಗುಣ ಅದಕ್ಕೆ ಮೈಗೂಡಿದೆ. ಕೋಡಿಯನ್ನು ಓಡಿಸಲು ಎಷ್ಟು ಬೇಕೋ ಅಷ್ಟೇ ಲಿನಕ್ಸ್ ಸೇರಿಸಿ ಮಾಡಿದ ಕಾರ್ಯಾಚರಣೆ ವ್ಯವಸ್ಥೆ ಲಿಬ್ರೆಎಲೆಕ್. 2016ರಿಂದ ಸ್ವಯಂಸೇವಕರು ನಡೆಸುತ್ತಿರುವ ಯೋಜನೆ. ಅದರಲ್ಲಿ ಡೆಸ್ಕ್‌ಟಾಪ್ ಇಲ್ಲ, ಬ್ರೌಸರ್ ಇಲ್ಲ, ಕಚೇರಿ ಕೆಲಸದ ತಂತ್ರಾಂಶ ಇಲ್ಲ. ಈ ‘ಇಲ್ಲ’ಗಳೇ ಅದರ ಬಲ: ಕೆಡಲು, ಹಳತಾಗಲು, ತಲೆನೋವು ಕೊಡಲು ಅಲ್ಲಿ ಹೆಚ್ಚೇನೂ ಇಲ್ಲ. 2016ರಲ್ಲಿ ಬಂದ ಪೈ 3ರ ಮೇಲೆ 2024ರ ಲಿಬ್ರೆಎಲೆಕ್ 12 ಮತ್ತು ಅದರೊಂದಿಗಿನ ಕೋಡಿ 21 ಓಡುತ್ತವೆ. ಎಂಟು ವರ್ಷ ಹಳೆಯ ಯಂತ್ರಾಂಶಕ್ಕೆ ಹೊಚ್ಚ ಹೊಸ ತಂತ್ರಾಂಶ ಕೊಡುವ ಟಿವಿ ಕಂಪನಿಗಳು ಬಲು ಅಪರೂಪ.

ಇಲ್ಲಿ ಏಳುವ ಮೊದಲ ಆಕ್ಷೇಪ: ಇದಕ್ಕಿಂತ ಕಡಿಮೆ ಬೆಲೆಗೆ ಸ್ಟ್ರೀಮಿಂಗ್ ಸ್ಟಿಕ್ ಸಿಗುವಾಗ ಈ ಪಾಡೇಕೆ? ನೋಡುವುದೆಲ್ಲ ಒಟಿಟಿ ಚಂದಾದ ಚಿತ್ರಗಳೇ ಆಗಿದ್ದರೆ ಸ್ಟಿಕ್ಕೇ ಸರಿ. ಆ ವಿಷಯದಲ್ಲಿ ಪೈ ಸೋಲುತ್ತದೆ. ದೊಡ್ಡ ಒಟಿಟಿ ಸಂಸ್ಥೆಗಳು ಎಚ್‌ಡಿ ಚಿತ್ರ ಕೊಡಬೇಕೆಂದರೆ ಚಿಪ್‌ನ ಮಟ್ಟದಲ್ಲೇ ಇರುವ ನಕಲು ತಡೆ ವ್ಯವಸ್ಥೆ ಬೇಕೆನ್ನುತ್ತವೆ, ಪೈನಲ್ಲಿ ಅದಿಲ್ಲ. ಪೈ ಗೆಲ್ಲುವುದು ನಮ್ಮದೇ ಆದ ಸಂಗ್ರಹದ ಮುಂದೆ. ಮದುವೆ, ಗೃಹಪ್ರವೇಶದ ಡಿವಿಡಿಗಳು, ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದ ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಕ್ಯಾಸೆಟ್‌ನಿಂದ ಇಳಿಸಿಕೊಂಡ ಸಂಗೀತ ಕಛೇರಿ, ಹತ್ತು ವರ್ಷದ ಮೊಬೈಲ್ ಫೋಟೊಗಳು: ಇವನ್ನು ಯಾವ ಚಂದಾ ಸೇವೆಯೂ ತೋರಿಸುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಟಿವಿಯೇ ತೋರಿಸುತ್ತದಲ್ಲ ಎಂಬುದು ಎರಡನೆಯ ಆಕ್ಷೇಪ. ತೋರಿಸುತ್ತದೆ, ಅದು ಒಪ್ಪುವ ಬಗೆಯ ಫೈಲ್ ಆಗಿದ್ದರೆ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಡಿಟಿಎಸ್ ಎಂಬ ಬಗೆಯ ಧ್ವನಿಯ ಬೆಂಬಲವನ್ನೇ ಕೈಬಿಟ್ಟಿತು. ಅಂಥ ಧ್ವನಿಯಿರುವ ಫೈಲ್ ಹಾಕಿದರೆ ಮೂಕಿ ಚಿತ್ರ. ಕೋಡಿಗೆ ಈ ಸಮಸ್ಯೆ ಬರುವುದಿಲ್ಲ, ಚಾಲ್ತಿಯಲ್ಲಿರುವ ಬಹುಪಾಲು ಎಲ್ಲ ಬಗೆಗಳನ್ನೂ ಅದು ತಾನೇ ಬಿಡಿಸಿಕೊಳ್ಳುತ್ತದೆ.

ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲೇ ಕೋಡಿ ಹಾಕಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಿಕೊಳ್ಳಬಹುದು, ಆದರೆ ಲೆಕ್ಕ ಹಾಕಿ ನೋಡಿ. ಸಿನಿಮಾ ತೋರಿಸುವಾಗ ಪೈ 4 ಎಳೆಯುವ ಕರೆಂಟ್ ಸುಮಾರು 4 ವಾಟ್ ಎಂದಿಟ್ಟುಕೊಂಡರೆ, ಹಗಲೂ ರಾತ್ರಿ ಬಿಟ್ಟರೂ ತಿಂಗಳಿಗೆ 3 ಯೂನಿಟ್ ದಾಟುವುದಿಲ್ಲ. 60 ವಾಟ್ ಎಳೆಯುವ ಡೆಸ್ಕ್‌ಟಾಪನ್ನು ಹಾಗೆಯೇ ಬಿಟ್ಟರೆ 43 ಯೂನಿಟ್. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟಿನ ಮಿತಿ ನಿಗದಿಯಾಗಿರುವುದು ಆಯಾ ಮನೆಯ ಹಳೆಯ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, 200 ಯೂನಿಟ್‌ನೊಳಗೆ. ಆ ಅಂಚಿನಲ್ಲೇ ಇರುವ ಮನೆಗೆ ತಿಂಗಳಿಗೆ 40 ಯೂನಿಟ್ ಸಣ್ಣ ಮಾತಲ್ಲ. ಜೊತೆಗೆ ಡೆಸ್ಕ್‌ಟಾಪ್‌ನ ಫ್ಯಾನ್ ಹಾಡಿನ ನಡುವಿನ ಮೌನದಲ್ಲೂ ಗುರುಗುಟ್ಟುತ್ತದೆ. ಪೈ 4ಕ್ಕೆ ಶಾಖ ಹೀರುವ ಲೋಹದ ಕವಚ ಹಾಕಿದರೆ ಫ್ಯಾನ್ ಬೇಕಿಲ್ಲ.

ಇನ್ನು ಕೊಳ್ಳುವ ಕೆಲಸ. ಪೈ 5 ಹೊಸದು, 2023ರದ್ದು, ವೇಗವೂ ಹೆಚ್ಚು. ಹಾಗಿದ್ದೂ ಈ ಕೆಲಸಕ್ಕೆ 2019ರ ಪೈ 4 ಹೆಚ್ಚು ಹೊಂದುತ್ತದೆ. ಇಂದಿನ ಹೆಚ್ಚಿನ ವಿಡಿಯೊ ಫೈಲ್‌ಗಳು ಎಚ್.264 ಎಂಬ ಬಗೆಯವು. ಪೈ 4ರಲ್ಲಿ ಇದನ್ನು ಬಿಡಿಸಲು ಪ್ರತ್ಯೇಕ ಯಂತ್ರಾಂಶವಿದೆ. ಪೈ 5ರಲ್ಲಿ ಅದನ್ನು ತೆಗೆದು ಆ ಹೊರೆಯನ್ನು ಮುಖ್ಯ ಪ್ರೊಸೆಸರ್‌ಗೇ ಬಿಟ್ಟಿದ್ದಾರೆ. ಹೊಸ ಮೊಬೈಲ್‌ಗಳು ಬಳಸುವ ಎಚ್.265 ಬಗೆಯನ್ನು 4ಕೆ ವರೆಗೂ ಎರಡೂ ಸಲೀಸಾಗಿ ತೋರಿಸುತ್ತವೆ. ಎವಿ1 ಎಂಬ ಇನ್ನೂ ಹೊಸ ಬಗೆಗೆ ಎರಡರಲ್ಲೂ ಯಂತ್ರಾಂಶದ ನೆರವಿಲ್ಲ. ಪೈ 5ಕ್ಕೆ 27 ವಾಟ್‌ನ ಅಡಾಪ್ಟರ್ ಇರಬೇಕೆಂಬುದು ಶಿಫಾರಸು, ತಂಪು ಮಾಡುವ ವ್ಯವಸ್ಥೆಯೂ ಬೇಕು. ಹಾಗಾಗಿ 2 ಜಿಬಿ ಮೆಮೊರಿಯ ಪೈ 4 ಸಾಕು. ಹೆಚ್ಚಿನ ಮೆಮೊರಿಗೆ ಕೊಡುವ ದುಡ್ಡಿನಿಂದ ಚಿತ್ರ ಚೆನ್ನಾಗಿ ಕಾಣುವುದಿಲ್ಲ. ಪೈ 3 ಆಗಲೇ ಮನೆಯಲ್ಲಿದ್ದರೆ ಅದರಲ್ಲೇ ಶುರುಮಾಡಿ, ಫುಲ್ ಎಚ್‌ಡಿ ಚಿತ್ರಗಳಿಗೆ ಅದೂ ನಡೆಯುತ್ತದೆ. ಬೋರ್ಡ್ ಜೊತೆಗೆ 16 ಅಥವಾ 32 ಜಿಬಿಯ ಒಳ್ಳೆಯ ಮೈಕ್ರೋ ಎಸ್‌ಡಿ ಕಾರ್ಡ್, ಒಂದು ತುದಿಯಲ್ಲಿ ಮೈಕ್ರೋ ಎಚ್‌ಡಿಎಂಐ ಇರುವ ಕೇಬಲ್, ಕವಚ ಮತ್ತು ಅಡಾಪ್ಟರ್ ಬೇಕು.

ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. ‘ಪೈ ಸರಿಯಿಲ್ಲ’ ಎನ್ನುವ ದೂರುಗಳಲ್ಲಿ ಬಹಳಷ್ಟರ ಬೇರು ಇಲ್ಲೇ ಇರುತ್ತದೆ. ಪೈ 4 ಕೇಳುವುದು 5.1 ವೋಲ್ಟ್, 3 ಆಂಪ್. ಮೊಬೈಲ್ ಚಾರ್ಜರ್ ಮೇಲೆ ಅಷ್ಟೇ ಬರೆದಿದ್ದರೂ ತೆಳ್ಳಗಿನ ಕೇಬಲ್‌ನಲ್ಲಿ ವೋಲ್ಟೇಜ್ ಸೋರಿಹೋಗಿ ಬೋರ್ಡ್ ತಲುಪುವಾಗ ಕಡಿಮೆಯಾಗಿರುತ್ತದೆ. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪೈ ಎಚ್ಚರಿಕೆ ಕೊಟ್ಟು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಚಿತ್ರ ತಡವರಿಸುತ್ತದೆ, ಕಾರ್ಡ್‌ನಲ್ಲಿರುವ ಫೈಲ್‌ಗಳೂ ಕೆಡಬಹುದು. ಪೈಗೆಂದೇ ಮಾಡಿದ ಅಧಿಕೃತ ಅಡಾಪ್ಟರ್ ಕೊಳ್ಳಿ. ಹಾರ್ಡ್ ಡಿಸ್ಕ್‌ಗೂ ಇದೇ ಮಾತು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಕೊಡಬಲ್ಲದ್ದು 1.2 ಆಂಪ್. ಒಂದು ಪೋರ್ಟಬಲ್ ಡಿಸ್ಕ್ ನಡೆದೀತು, ಎರಡನೆಯದು ಕಷ್ಟ. ಸ್ವಂತ ಅಡಾಪ್ಟರ್ ಇರುವ ಡಿಸ್ಕ್ ಅಥವಾ ಕರೆಂಟ್ ಸಂಪರ್ಕವಿರುವ ಯುಎಸ್‌ಬಿ ಹಬ್ ಇದ್ದರೆ ನಿಶ್ಚಿಂತೆ. ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ರೂಪದಲ್ಲಿರಲಿ. ಹಳೆಯ ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದೇ ಇಲ್ಲ.

ತಾಂತ್ರಿಕ ಕೆಲಸ ನಮಗೆ ಒಗ್ಗದು ಎಂಬ ಅಳುಕು ಇದ್ದೇ ಇರುತ್ತದೆ. ಹತ್ತು ವರ್ಷದ ಹಿಂದೆ ಆ ಅಳುಕಿಗೆ ಕಾರಣವಿತ್ತು. 2020ರಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶ ಬಂದ ಮೇಲೆ ಕಮಾಂಡ್ ಟೈಪಿಸುವ ಪ್ರಮೇಯವೇ ಇಲ್ಲ. ಅದನ್ನು ರಾಸ್ಪ್‌ಬೆರಿ ಪೈ ತಾಣದಿಂದ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಕಾರ್ಡನ್ನು ರೀಡರ್‌ನಲ್ಲಿ ಹಾಕಿ, ಇಮೇಜರ್ ತೆರೆದು, ಮೊದಲು ನಿಮ್ಮ ಪೈನ ಮಾದರಿ ಆರಿಸಿ. ಆಮೇಲೆ ಕಾರ್ಯಾಚರಣೆ ವ್ಯವಸ್ಥೆಗಳ ಪಟ್ಟಿಯಲ್ಲಿ ‘ಮೀಡಿಯಾ ಪ್ಲೇಯರ್ ಓಎಸ್’ ವಿಭಾಗಕ್ಕೆ ಹೋಗಿ ಲಿಬ್ರೆಎಲೆಕ್ ಆರಿಸಿ. ಪೈ 4ಕ್ಕೆ ಒಂದು, ಪೈ 5ಕ್ಕೆ ಇನ್ನೊಂದು ಎಂದು ಬೇರೆ ಬೇರೆ ಇರುತ್ತವೆ, ಗಮನಿಸಿ. ಕೊನೆಗೆ ಬರೆಯಬೇಕಾದ ಕಾರ್ಡ್ ಆರಿಸುವಾಗ ಎರಡು ಸಲ ನೋಡಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಬೇರೆ ಯಾವುದಾದರೂ ಡಿಸ್ಕ್ ಚುಚ್ಚಿಟ್ಟಿದ್ದರೆ ಈ ಹೊತ್ತಿಗೆ ತೆಗೆದಿಡುವುದೇ ಜಾಣತನ. ಬರೆದು ಮುಗಿದ ಕಾರ್ಡನ್ನು ಪೈಗೆ ಹಾಕಿ, ಕರೆಂಟ್ ಚುಚ್ಚುವ ಪೋರ್ಟ್‌ಗೆ ಹತ್ತಿರವಿರುವ ಎಚ್‌ಡಿಎಂಐ ಪೋರ್ಟ್‌ನಿಂದ ಟಿವಿಗೆ ಕೇಬಲ್ ಎಳೆಯಿರಿ. ಟಿವಿಯನ್ನು ಮೊದಲು ಆನ್ ಮಾಡಿ, ಪೈಗೆ ಆಮೇಲೆ ಕರೆಂಟ್ ಕೊಡಿ. ಮೊದಲ ಸಲ ಅದು ಕಾರ್ಡ್‌ನ ಉಳಿದ ಜಾಗವನ್ನು ತನ್ನದಾಗಿಸಿಕೊಂಡು ತಾನಾಗಿ ಮತ್ತೆ ಶುರುವಾಗುತ್ತದೆ. ನಡುವೆ ಸ್ವಿಚ್ ಮುಟ್ಟಬೇಡಿ.

ಸ್ವಾಗತ ಪುಟಗಳಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೈದು. ರೂಟರ್ ಹತ್ತಿರವಿದ್ದರೆ ವೈಫೈ ಬದಲು ನೆಟ್‌ವರ್ಕ್ ಕೇಬಲ್ ಹಾಕಿ. ವೈಫೈಯೇ ಗತಿಯಾದರೆ 5 ಗಿಗಾಹರ್ಟ್ಸ್‌ನದ್ದು ಆರಿಸಿ, ಏಕೆಂದರೆ ಯುಎಸ್‌ಬಿ 3 ಡಿಸ್ಕ್‌ಗಳು 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡಿಮಾಡುತ್ತವೆ. ‘ಸಾಂಬಾ’ ಆನ್ ಮಾಡಿ. ಲ್ಯಾಪ್‌ಟಾಪ್‌ನಿಂದ ನೇರವಾಗಿ ಫೈಲ್ ಕಳಿಸಲು ಅದೇ ಬಾಗಿಲು. ದೂರದಿಂದ ಕಮಾಂಡ್ ಕೊಡಲು ಬಳಸುವ ‘ಎಸ್‌ಎಸ್‌ಎಚ್’ ಆಫ್ ಇರಲಿ. ಮುಂದೆಂದಾದರೂ ಬೇಕಾದರೆ, ಎಲ್ಲರಿಗೂ ಗೊತ್ತಿರುವ ಮೂಲ ಪಾಸ್‌ವರ್ಡ್ ಬದಲಿಸದೆ ಆನ್ ಮಾಡಬೇಡಿ. ಭಾರತದ ಸಮಯ ಸಿಗಲು ಸಮಯವಲಯವನ್ನು ಕೋಲ್ಕತ್ತಕ್ಕೆ ಹೊಂದಿಸಿ. ಕೀಬೋರ್ಡ್, ಮೌಸ್ ಬೇಕಾಗುವುದು ಇಷ್ಟಕ್ಕೆ ಮಾತ್ರ. ಇಲ್ಲಿಂದಾಚೆ ಟಿವಿಯ ರಿಮೋಟೇ ಕೆಲಸ ಮಾಡಬೇಕು, ಮಾಡುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲೇ ರಿಮೋಟ್‌ನ ಸೂಚನೆ ಸಾಗಿಸುವ ಸಿಇಸಿ ಎಂಬ ಸೌಲಭ್ಯವಿದೆ. ಟಿವಿ ಕಂಪನಿಗಳು ಅದಕ್ಕೆ ತಮ್ಮದೇ ಹೆಸರಿಟ್ಟಿರುವುದರಿಂದ ಹುಡುಕುವಾಗ ಗೊಂದಲವಾಗುತ್ತದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಮನೆಯ ಹಿರಿಯರು ಹೊಸ ರಿಮೋಟ್ ಕಲಿಯಬೇಕಾಗಿಲ್ಲ. ಕೋಡಿಯ ಸಿಇಸಿ ಸೆಟ್ಟಿಂಗ್‌ನಲ್ಲಿ, ಟಿವಿ ಆಫ್ ಆದಾಗ ಪೈ ಏನೂ ಮಾಡದೆ ಸುಮ್ಮನಿರುವಂತೆ ಬದಲಿಸಿಕೊಳ್ಳಿ. ಪೈ 4ಕ್ಕೆ ಪವರ್ ಬಟನ್ ಇಲ್ಲ, ಒಮ್ಮೆ ಆಫ್ ಆದರೆ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದ ಮೇಲೆಯೇ ಅದು ಏಳುವುದು.

ಚಿತ್ರ ಶುರುವಾಯಿತೆಂದು ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಈ ಪುಟ್ಟ ಯಂತ್ರದ ನಿಜವಾದ ಹೆಚ್ಚುಗಾರಿಕೆ ಕಾಣುವುದು ಮುಂದಿನ ಒಂದು ಸೆಟ್ಟಿಂಗ್‌ನಲ್ಲಿ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಭಾರತದ ಟಿವಿ ಪ್ರಸಾರ, ಡಿವಿಡಿಗಳು 25ರಲ್ಲಿ. ಮೊಬೈಲ್ ವಿಡಿಯೊ ಸಾಮಾನ್ಯವಾಗಿ 30 ಅಥವಾ 60ರಲ್ಲಿ. ಟಿವಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತಿದ್ದರೆ 24 ಚೌಕಟ್ಟುಗಳನ್ನು 60ರಲ್ಲಿ ಸಮನಾಗಿ ಹಂಚುವುದು ಸಾಧ್ಯವಿಲ್ಲ. ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಕಾಣಿಸಿಕೊಳ್ಳುತ್ತದೆ. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗುವ ದೃಶ್ಯಗಳಲ್ಲಿ ಹಿನ್ನೆಲೆ ಕುಂಟಿದಂತೆ ಕಾಣುವುದು ಇದರಿಂದಲೇ. ಕೋಡಿಯ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಯರ್’, ಅದರೊಳಗೆ ‘ವಿಡಿಯೊಸ್’ ತೆರೆದು, ಪರದೆಯ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆಯನ್ನು ‘ಸ್ಟಾರ್ಟ್/ಸ್ಟಾಪ್’ ಎಂದು ಇಡಿ. ಆಯ್ಕೆ ಕಾಣದಿದ್ದರೆ ಎಡ ಕೆಳಮೂಲೆಯ ಗೇರ್ ಗುರುತನ್ನು ‘ಎಕ್ಸ್‌ಪರ್ಟ್’ ಆಗುವವರೆಗೆ ಒತ್ತಿ. ಇನ್ನು ಮೇಲೆ ಸಿನಿಮಾ ಹಾಕಿದರೆ ಟಿವಿಯೇ 24ಕ್ಕೆ, ಮದುವೆಯ ಡಿವಿಡಿ ಹಾಕಿದರೆ 50ಕ್ಕೆ ಬದಲಾಗುತ್ತದೆ. ಬದಲಾಗುವ ಕ್ಷಣದಲ್ಲಿ ಪರದೆ ಕಪ್ಪಾದರೆ ಗಾಬರಿ ಬೇಡ. 4ಕೆ ಟಿವಿ ಇದ್ದವರು ಕೋಡಿಯ ಮೆನುವನ್ನು ಫುಲ್ ಎಚ್‌ಡಿಯಲ್ಲೇ ಇಟ್ಟು, ‘ವೈಟ್‌ಲಿಸ್ಟ್’ ಎಂಬಲ್ಲಿ 4ಕೆ ಬಗೆಗಳನ್ನು ಗುರುತು ಹಾಕಿದರೆ ಚಿತ್ರ ಮಾತ್ರ 4ಕೆಯಲ್ಲಿ ಬರುತ್ತದೆ, ಮೆನು ಹಗುರವಾಗಿ ಓಡುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಲ್ಲೊಂದು ಪರಿಹಾರವೂ ಇದೆ. ಊರಿನಿಂದ ತಂದ 25 ಚೌಕಟ್ಟಿನ, ಪಾಲ್ ಎಂಬ ಪದ್ಧತಿಯ ಡಿವಿಡಿಗಳು ಅಲ್ಲಿನ ಅನೇಕ ಪ್ಲೇಯರ್‌ಗಳಲ್ಲಿ ಓಡುವುದಿಲ್ಲ. ಫೈಲ್ ಮಾಡಿಟ್ಟುಕೊಂಡರೆ ಕೋಡಿಗೆ ಆ ತೊಡಕಿಲ್ಲ.

ಡಿವಿಡಿಗಳನ್ನು ಇಳಿಸಿಕೊಳ್ಳುವುದು ಮುಂದೂಡುವ ಕೆಲಸವಲ್ಲ. ಸ್ಟುಡಿಯೊದವರು ಬರೆದು ಕೊಟ್ಟ ಡಿವಿಡಿಗಳಲ್ಲಿ ಮಾಹಿತಿ ಕುಳಿತಿರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಸೆಖೆ, ಬೆಳಕು, ತೇವಕ್ಕೆ ಅದು ಕೆಡುತ್ತಾ ಹೋಗುತ್ತದೆ. ಡಿಸ್ಕ್‌ನಲ್ಲಿರುವ ‘ವಿಡಿಯೊ_ಟಿಎಸ್’ ಫೋಲ್ಡರನ್ನು ಹಾಗೆಯೇ ನಕಲು ಮಾಡಿಕೊಂಡರೂ ಕೋಡಿ ಓದುತ್ತದೆ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಅದನ್ನೇ, ಗುಣಮಟ್ಟ ಕಡಿಮೆ ಮಾಡದೆ, ಒಂದೇ ಫೈಲ್ ಆಗಿಸುತ್ತದೆ. ಜಾಗ ಉಳಿಸಲೆಂದು ಮತ್ತೆ ಕುಗ್ಗಿಸಬೇಡಿ. 4.7 ಜಿಬಿಯ 200 ಡಿವಿಡಿಗಳು 1 ಟಿಬಿ ಡಿಸ್ಕ್‌ನಲ್ಲಿ ಹಿಡಿಯುವಾಗ, ಮರಳಿ ಸಿಗದ ಚಿತ್ರವನ್ನು ಹಿಂಡಿ ಉಳಿಸುವುದೇನಿದೆ? ಇದೆಲ್ಲ ಮನೆಯವರದೇ ಚಿತ್ರಗಳ ಮಾತು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳ ನಕಲು ತಡೆಯನ್ನು ಮುರಿಯುವ ವಿಷಯ ಬೇರೆ. 2012ರ ತಿದ್ದುಪಡಿಯ ನಂತರ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡುವುದನ್ನು ಅಪರಾಧವೆನ್ನುತ್ತದೆ. ಹೊಸ ಚಿತ್ರಗಳನ್ನು ಪುಕ್ಕಟೆ ತೋರಿಸುತ್ತೇವೆನ್ನುವ ಕೋಡಿ ಆ್ಯಡ್-ಆನ್‌ಗಳಿಂದಲೂ ದೂರವಿರಿ. ಕೋಡಿ ಯೋಜನೆಗೂ ಅವಕ್ಕೂ ಸಂಬಂಧವಿಲ್ಲ, ಅವುಗಳ ಒಳಗೆ ಏನಿದೆಯೆಂದು ಪರೀಕ್ಷಿಸಿದವರೂ ಇಲ್ಲ.

ಫೈಲ್‌ಗಳಿಗೆ ಹೆಸರಿಡುವುದರಲ್ಲಿ ಒಂದು ಶಿಸ್ತು ಬೇಕು. ಸಿನಿಮಾಗಳಿಗೆ ಒಂದು ಫೋಲ್ಡರ್, ಮನೆಯ ವಿಡಿಯೊಗಳಿಗೆ ಇನ್ನೊಂದು, ಹಾಡುಗಳಿಗೆ ಮತ್ತೊಂದು. ಸಿನಿಮಾ ಫೈಲ್‌ಗೆ ಇಂಗ್ಲಿಷ್ ಅಕ್ಷರಗಳಲ್ಲಿ ಚಿತ್ರದ ಹೆಸರು, ಮುಂದೆ ಕಂಸದಲ್ಲಿ ವರ್ಷ ಬರೆದರೆ ಕೋಡಿ ಅಂತರ್ಜಾಲದಿಂದ ಪೋಸ್ಟರ್, ತಾರಾಗಣದ ವಿವರ ತಂದುಕೊಳ್ಳುತ್ತದೆ. ವರ್ಷ ಬಿಟ್ಟರೆ ಎಡವಟ್ಟು: ‘ನಾಗರಹಾವು’ ಎಂದಷ್ಟೇ ಬರೆದರೆ 1972ರ ಪುಟ್ಟಣ್ಣ ಕಣಗಾಲ್ ಚಿತ್ರವೋ 2016ರ ಚಿತ್ರವೋ ಅದಕ್ಕೆ ತಿಳಿಯುವ ಬಗೆಯಿಲ್ಲ. ಮನೆಯ ವಿಡಿಯೊ ಫೋಲ್ಡರ್ ಸೇರಿಸುವಾಗ ‘ಇದರಲ್ಲಿ ಏನಿದೆ’ ಎಂಬ ಪ್ರಶ್ನೆಗೆ ‘ನನ್’ ಎಂದೇ ಉತ್ತರಿಸಿ. ಇಲ್ಲವಾದರೆ ತಂಗಿಯ ಮದುವೆಗೆ ಯಾವುದೋ ಇಂಗ್ಲಿಷ್ ಸಿನಿಮಾದ ಪೋಸ್ಟರ್ ಅಂಟಿಕೊಳ್ಳುತ್ತದೆ. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಕ್ಯಾಮ್‌ಕಾರ್ಡರ್ ತುಂಡು ತುಂಡು ಫೈಲ್‌ಗಳಾಗಿ ಉಳಿಸಿರುತ್ತದೆ, ಹಳೆಯ ಕಾರ್ಡ್‌ಗಳ 4 ಜಿಬಿ ಮಿತಿಯೇ ಅದಕ್ಕೆ ಕಾರಣ. ಎಲ್ಲಕ್ಕೂ ಒಂದೇ ಹೆಸರಿಟ್ಟು ಕೊನೆಯಲ್ಲಿ ಪಾರ್ಟ್1, ಪಾರ್ಟ್2 ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಕೋಡಿ ಅವನ್ನು ಒಂದೇ ಪ್ರಸಂಗದಂತೆ ತೋರಿಸಬಲ್ಲದು, ಎಲ್ಲಿಗೆ ನಿಲ್ಲಿಸಿದಿರೋ ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ. ಕನ್ನಡ ಅಡಿಬರಹದ ಫೈಲ್ ಇದ್ದರೆ ಅದನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ವಿಡಿಯೊದ ಹೆಸರನ್ನೇ ಕೊಡಿ. ಅಕ್ಷರಗಳ ಬದಲು ಚೌಕಗಳು ಕಂಡರೆ, ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಕೋಡಿಯ ‘ಮೀಡಿಯಾ’ ಫೋಲ್ಡರಿನೊಳಗಿನ ‘ಫಾಂಟ್ಸ್’ನಲ್ಲಿ ಹಾಕಿ, ಅಡಿಬರಹದ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ.

ಕರೆಂಟ್ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಸಹಜ. ಲಿಬ್ರೆಎಲೆಕ್‌ನ ಮೂಲ ವ್ಯವಸ್ಥೆ ಓದಲು ಮಾತ್ರ ತೆರೆದಿರುವ ಒಂದೇ ಫೈಲ್‌ನಲ್ಲಿ ಇರುವುದರಿಂದ, ತಟ್ಟನೆ ಕರೆಂಟ್ ಹೋದಾಗ ಅದಕ್ಕೆ ಪೆಟ್ಟಾಗುವ ಸಂಭವ ಕಡಿಮೆ. ಕಾರ್ಡ್‌ನ ಇನ್ನೊಂದು ಭಾಗದಲ್ಲಿ ಕೋಡಿ ತನ್ನ ಸೆಟ್ಟಿಂಗ್, ಪಟ್ಟಿಗಳನ್ನು ಬರೆಯುತ್ತಲೇ ಇರುತ್ತದೆ, ಅದು ಕೆಡಬಹುದು. ಆದ್ದರಿಂದ ಪೈಯನ್ನು ಆಫ್ ಮಾಡುವಾಗ ಯಾವಾಗಲೂ ಮೆನುವಿನಿಂದಲೇ ಮಾಡಿ, ಯುಪಿಎಸ್ ಇರುವ ಪಾಯಿಂಟ್ ಸಿಕ್ಕರೆ ಪೈಯನ್ನೂ ಡಿಸ್ಕನ್ನೂ ಅದಕ್ಕೇ ಚುಚ್ಚಿ. ಎಲ್ಲ ಮನಸ್ಸಿಗೆ ಒಪ್ಪುವಂತೆ ಹೊಂದಿದ ದಿನವೇ ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಮಾಡಿ ಅದನ್ನು ಹಾರ್ಡ್ ಡಿಸ್ಕ್‌ಗೆ ನಕಲಿಸಿಕೊಳ್ಳಿ. ನಾಳೆ ಕಾರ್ಡ್ ಕೆಟ್ಟರೂ ಹೊಸ ಕಾರ್ಡ್ ಬರೆದು ಬ್ಯಾಕಪ್ ತುಂಬಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಹಾರ್ಡ್ ಡಿಸ್ಕ್‌ಗೆ ಮಾತ್ರ ಇಂಥ ಸುಲಭದ ಪರಿಹಾರವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರದ್ದು, ಅದರ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಚಿತ್ರಮಂದಿರಗಳಲ್ಲಿ ಓಡಿದ ಸಿನಿಮಾಕ್ಕೇ ಈ ಗತಿಯಾದರೆ ಒಂದೇ ಪ್ರತಿಯಿರುವ ಮನೆಯ ವಿಡಿಯೊ ಎಷ್ಟು ಕಾಲ ಉಳಿದೀತು? ಅಷ್ಟೇ ಗಾತ್ರದ ಎರಡನೆಯ ಡಿಸ್ಕ್ ಕೊಂಡು ಪೂರ್ತಿ ನಕಲು ಮಾಡಿ, ಮೇಲೆ ದಿನಾಂಕ ಬರೆದು, ಬೇರೆ ಊರಿನಲ್ಲಿರುವ ಒಡಹುಟ್ಟಿದವರ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸ ವಿಡಿಯೊಗಳನ್ನು ಅದಕ್ಕೆ ಸೇರಿಸಿ ಬನ್ನಿ.